ಅರ್ಧ ಪರ್ಸೆಂಟಿಗೆ ಬಿಚ್ಚಿದ ಪಟಕಾ

ಹತ್ತೇ ನಿಮಿಷದಲ್ಲಿ ನಿಮ್ಮ ಮನೆಸಾಲ ನಮ್ಮ ಬ್ಯಾಂಕಿಗೆ, ಬಡ್ಡಿ ಅರ್ಧ ಪರ್ಸೆಂಟ್ ಕಡಿಮೆ, ಅದೂ ಕುಂತಲ್ಲೇ ಫೋನಿನಲ್ಲಿ ಎಂದು ಜಾಹೀರಾತು ಹೇಳಿತ್ತು. ಆ ಹತ್ತು ನಿಮಿಷಕ್ಕೆ ನಾನು ಹದಿನೇಳು ದಿನ ಕೊಟ್ಟೆ. ಕುಂತಲ್ಲೇ ಅಂದದ್ದು ಮಾತ್ರ ಸುಳ್ಳಲ್ಲ. ವಿಶ್ರಾಮಬಾಗದ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕುಂತು ಕುಂತು ನನ್ನ ಸೊಂಟ ಹಿಡಿದುಕೊಂಡಿತು.

ಗಂಡನಿಗೆ ಹೇಳಿದರೆ, "ನಿನಗ ತಿಳದಂಗ ಮಾಡು," ಎಂದ. ಮಾಧವನಗರದ ಗಿರಣಿಯಲ್ಲಿ ಐವತ್ತು ಜನರ ಮೇಲೆ ಸೂಪರ್‌ವೈಜರ್ ಆಗಿರುವ ಮನುಷ್ಯ ಮನೆಯ ಕಾಗದ ಕಂಡರೆ ಹೀಗೇ ಉದಾರಿಯಾಗುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಕಾಗದಗಳ ಫೋಟೋ ತೆಗೆದು ಬ್ಯಾಂಕಿನ ಆ್ಯಪಿಗೆ ಏರಿಸಿದೆ. ಮಸುಕಾಗಿದೆ ಎಂದಿತು ಫೋನು. ಬಾಗಿಲಲ್ಲಿ ನಿಂತು ಮತ್ತೆ ತೆಗೆದೆ. ಬೆಳಕು ಹೆಚ್ಚಾಯಿತು ಎಂದಿತು. ರೊಟ್ಟಿಯಲ್ಲಿ ಕೊಂಕು ತೆಗೆಯುವ ಅತ್ತೆಯರೇ ಎಷ್ಟೋ ವಾಸಿ. ಕೊನೆಗೆ ಒಂದೇ ಕೆಲಸ ಉಳಿಯಿತು: ಜಾಗದ ಕಾಗದದಲ್ಲಿ ಮಾವನವರ ಹೆಸರೂ ಇದ್ದುದರಿಂದ ಅವರು ವಿಡಿಯೋ ಕರೆಯಲ್ಲಿ ಮುಖ ತೋರಿಸಬೇಕು.

ಮಾವನವರು ಸಲಗರೆ ಎಂಬ ಹಳ್ಳಿಯವರು, ಜೀವಮಾನವಿಡೀ ಕುರಿ ಸಾಕಿದವರು, ಹಿಂಡಿನ ಅರ್ಧ ಮಾರಿ ನಮಗೆ ಈ ಜಾಗ ಕೊಡಿಸಿದವರು. ಮುಖ ತೋರಿಸಲಿಕ್ಕೆಂದೇ ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿ ಬಂದರು. ಒಗೆದ ಧೋತರ, ತಲೆಗೆ ಹೊಸದಾಗಿ ಸುತ್ತಿದ ಬಿಳಿ ಪಟಕಾ. ಮದುವೆಯಾಗಿ ಹನ್ನೊಂದು ವರ್ಷವಾದರೂ ನಾನು ಅವರ ಬರಿ ತಲೆ ಕಂಡಿರಲಿಲ್ಲ. ಅವರ ಮನೆತನದಲ್ಲಿ ಹಿರಿಯ ಗಂಡಸು ಪಟಕಾ ಬಿಚ್ಚಿ ಇತರರ ಮುಂದೆ ಕುಂತನೆಂದರೆ ಸಾವಾಗಿದೆ ಎಂದೇ ತಿಳಿಯುತ್ತಾರೆ.

ನಾನು ಹೊಸ ಸೊಸೆಯಾಗಿದ್ದಾಗ ಅವರೆದುರು ತಲೆಯ ಮೇಲೆ ಸೆರಗು ಹೊದ್ದು ರೊಟ್ಟಿ ಬಡಿಯುತ್ತಿದ್ದೆ. ಸೆರಗು ಒಲೆಯ ಕಡೆಗೇ ಜಾರುತ್ತಿತ್ತು. ಮೂರನೇ ದಿನ ಅವರು ನನ್ನ ಕಡೆ ನೋಡದೆ ಅತ್ತೆಗೆ ಹೇಳಿದ್ದರು: "ಆ ಹುಡುಗಿಗೆ ಸೆರಗ ತೆಗದ ಕುಂದ್ರ ಅನ್ನು. ನನ್ನ ಮರ್ಯಾದಿ ಏನ ಆಕಿ ತಲಿ ಮ್ಯಾಲ ಐತೇನ?" ಅಂದಿನಿಂದ ಆ ಮನೆ ನನಗೆ ತವರಾಯಿತು.

ಕರೆ ಬಂತು. ಪರದೆಯ ಮೇಲಿನ ಬ್ಯಾಂಕಿನ ಹುಡುಗಿಗೆ ಹಿಂದಿ ಮಾತ್ರ ಬರುತ್ತಿತ್ತು, ಮಾವನವರಿಗೆ ಅದೊಂದೇ ಬರುತ್ತಿರಲಿಲ್ಲ. ನಡುವೆ ನಾನು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಣ್ಣು ಮಿಟುಕಿಸಿ ಎಂದಳು.

"ಸಂತ್ಯಾಗ ಕುರಿ ನೋಡಿದಂಗ ನೋಡಾಕತ್ತಾಳಲ್ಲ ಇಕಿ," ಎಂದರು ಮಾವ. "ಹಲ್ಲ ತೋರಿಸಬೇಕೇನ ಕೇಳ."

ಹಲ್ಲು ಬೇಡವಾಗಿತ್ತು. ತಲೆಯ ಮೇಲಿರುವುದನ್ನು ತೆಗೆಯಬೇಕಂತೆ. ಅವರು ತೆಗೆಯುವುದಿಲ್ಲ ಎಂದೆ. ನಿಯಮ, ಮೇಡಂ, ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದಳು. ಅಲ್ಲಿಗೇ ನಾನು ಫೋನು ಕೆಳಗಿಡಬೇಕಿತ್ತು. ಆದರೆ ಹದಿನೇಳು ದಿನದ ಸಿಟ್ಟಿತ್ತು, ಆ ಬ್ಯಾಂಕಿನ ಮುಂದೆ ಒಮ್ಮೆಯಾದರೂ ಗೆಲ್ಲಬೇಕೆಂಬ ಹಟವಿತ್ತು.

"ಮಾಮಾ, ಎರಡ ನಿಮಿಷ ಪಟಕಾ ತೆಗೀಬೇಕಂತ್ರಿ."

ಅವರು ಫೋನು ನೋಡಲಿಲ್ಲ, ನನ್ನನ್ನು ನೋಡಿದರು. "ಅದರಿಂದ ನಿಮಗ ಛಲೋ ಆಕ್ಕೈತೇನ ಯವ್ವಾ?"

"ಹೂಂರಿ."

ಬಿಚ್ಚಿದರು. ಒಂದೊಂದೇ ಸುತ್ತು ಬಿಡಿಸಿ ತೊಡೆಯ ಮೇಲೆ ಕೂಡಿಹಾಕಿಕೊಂಡರು. ತಲೆ ನಾನು ತಿಳಿದದ್ದಕ್ಕಿಂತ ಸಣ್ಣದಿತ್ತು. ಬಿಸಿಲಿನ ಕಪ್ಪು ಹಣೆಯ ಅರ್ಧಕ್ಕೇ ನಿಂತು, ಮೇಲೆಲ್ಲ ಎಳೆಗೂಸಿನ ಚರ್ಮದ ಹಾಗೆ ಬೆಳ್ಳಗಿತ್ತು. ನನಗೆ ನಾಚಿಕೆಯಾಯಿತು.

ಹುಡುಗಿ ಫೋಟೋ ತೆಗೆದಳು. ಪರದೆಯ ಮೇಲೆ ಚಕ್ರ ತಿರುಗಿತು. ಆಧಾರ್ ಕಾರ್ಡಿನ ಫೋಟೋಕ್ಕೆ ಈ ಮುಖ ಹೊಂದುತ್ತಿಲ್ಲ ಎಂದಳು. ಹೇಗೆ ಹೊಂದೀತು? ಕಾರ್ಡಿನಲ್ಲಿ ಅವರು ಪಟಕಾ ಸುತ್ತಿಕೊಂಡಿದ್ದಾರೆ. ಭಾರೀ ಜಾಣ ಬ್ಯಾಂಕು. ಪಟಕಾ ಇದ್ದರೆ ನಿಯಮ ಒಪ್ಪದು, ಬಿಚ್ಚಿದರೆ ಮನುಷ್ಯನನ್ನೇ ಒಪ್ಪದು. ಮೂರು ದಿನದೊಳಗೆ ಇನ್ನೊಮ್ಮೆ ಪ್ರಯತ್ನಿಸಿ, ನಿಮ್ಮ ದಿನ ಶುಭವಾಗಲಿ ಎಂದು ನಗುತ್ತ ಹೋದಳು.

ಅಷ್ಟರಲ್ಲಿ ಅತ್ತೆ ಸಂದಿಯ ಅಂಗಡಿಯಿಂದ ಕಾಯಿಪಲ್ಲೆ ಹಿಡಿದು ಒಳಗೆ ಬಂದರು. ಗಂಡನ ಬರಿ ತಲೆ ಕಂಡರು, ನನ್ನ ಕೈಯ ಫೋನು ಕಂಡರು. ಚೀಲ ಅಲ್ಲೇ ಬಿಟ್ಟು ಗೋಡೆ ಹಿಡಿದು ನಿಂತರು.

"ಯಾರ ಹೋದ್ರು?"

"ಯಾರೂ ಹೋಗಿಲ್ಲ ಬಿಡ," ಎಂದರು ಮಾವ, ಪಟಕಾ ಸುತ್ತಿಕೊಳ್ಳುತ್ತ. "ನಿನ್ನ ಸೊಸಿ ಬಡ್ಡಿ ಕಡಿಮಿ ಮಾಡಸ್ಯಾಳ. ಫೋನಿನ್ಯಾಗ."

ಹುಡುಗಿ ಕೊನೆಗೆ ಹಿಂದಿಯಲ್ಲಿ ಹೇಳಿದ್ದು ಅವರಿಗೆ ತಿಳಿದಿರಲಿಲ್ಲ. ಅದನ್ನು ಹೇಳುವ ಬದಲು ನಾನು ಅತ್ತೆಯ ಚೀಲ ಎತ್ತಿ ಒಳಗಿಟ್ಟೆ. ಮೂರು ದಿನ ಸುಮ್ಮನೆ ಕಳೆದೆ, ಅರ್ಜಿ ತಾನಾಗಿ ಸತ್ತಿತು. ನಮ್ಮ ಸೇವೆಗೆ ಐದರಲ್ಲಿ ಎಷ್ಟು ಚುಕ್ಕಿ ಕೊಡುತ್ತೀರಿ ಎಂದು ಬ್ಯಾಂಕು ಇನ್ನೂ ಕೇಳುತ್ತಲೇ ಇದೆ.

ಹಳೆಯ ಬಡ್ಡಿಯೇ ನಡೆದಿದೆ. ಸಲಗರೆಯ ಕಟ್ಟೆಯ ಮೇಲೆ ಮಾತ್ರ ನಾನು ಬ್ಯಾಂಕು ಬಗ್ಗಿಸಿದ ಸೊಸೆ. ಮೊನ್ನೆ ಬಂದಾಗ ಮಾವ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ನನ್ನ ಫೋನಿನ ಕಡೆ ಕೈ ತೋರಿಸಿದರು.

"ಮತ್ತ ಏನರ ಕಡಿಮಿ ಮಾಡಸೂದಿದ್ರ ಹೇಳ ಯವ್ವಾ. ಹೆಂಗೂ ಒಮ್ಮಿ ತಗದೇನಿ."