ಜೌಕಲಾಳ ರೇಡಿಯೋ, ಧೌಲಿಯ ಹಾಲು

ಜೌಕಲಾ ಕುಲುಮೆಯ ಮಗಳು. ಅವಳಪ್ಪ ಕುಡುಗೋಲು ಬಡಿಯುವಾಗ ಪಕ್ಕದಲ್ಲಿ ಕುಳಿತು ತಿದಿಯೊತ್ತುತ್ತ, ಆ ಸದ್ದನ್ನು ಮೀರಿ ಮಾತಾಡಿ ಮಾತಾಡಿ, ಅವಳ ದನಿ ಚಿಕ್ಕಂದಿನಲ್ಲೇ ಗಟ್ಟಿಯಾಗಿತ್ತು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಅವಳು ಪಾಠ ಓದಲು ನಿಂತರೆ ಕೆಳಗಿನ ಹೊಲದಲ್ಲಿ ಕಳೆ ಕೀಳುವವರು ತಲೆಯೆತ್ತಿ ನೋಡುತ್ತಿದ್ದರು. "ಈ ಹುಡುಗೀನ ಬೆಟ್ಟದ ತುದೀಲಿ ನಿಲ್ಲಿಸಿಬಿಟ್ರೆ ನಮ್ಮೂರಿಗೆ ಅಂಚೆಯವನೇ ಬೇಡ" ಎಂದು ಹೆಡ್‌ಮಾಸ್ತರರು ನಗುತ್ತಿದ್ದರು. ಡೋಟಿಯ ಬೆಟ್ಟಗಳಲ್ಲಿ ಕಮ್ಮಾರರೆಂದರೆ ಮುಟ್ಟಬಾರದ ಜಾತಿ; ಅವರ ಮಗಳನ್ನು ಹೊಗಳುವುದಾದರೂ ನಾಲ್ಕು ಹೆಜ್ಜೆ ದೂರ ನಿಂತೇ ಹೊಗಳುವುದು ರೂಢಿ.

ಪೇಟೆಯಲ್ಲಿ ಸಮುದಾಯ ರೇಡಿಯೋ ಶುರುವಾದಾಗ ಹೆಂಗಸರ ದನಿ ಬೇಕೆಂದು ಹುಡುಕುತ್ತಿದ್ದರು. ಜೌಕಲಾಳ ಗಂಡ ಆಗ ಗುಜರಾತಿನಲ್ಲಿ ಯಾವುದೋ ಹೋಟೆಲಿನ ಕಾವಲು ಕಾಯುತ್ತಿದ್ದ. ಇವಳು ಬಂದು ಮೈಕಿನ ಮುಂದೆ ಕುಳಿತಳು. ಪ್ರತಿ ಶನಿವಾರ ಬೆಳಗ್ಗೆ 'ಅಂಗಳದ ಮಾತು' ಎಂಬ ಕಾರ್ಯಕ್ರಮ ಅವಳದು. ಬಟ್ಟೆಯ ಚೀಲದಲ್ಲಿ ರೆಕಾರ್ಡರ್ ಇಟ್ಟುಕೊಂಡು ಊರಿಂದೂರಿಗೆ ನಡೆಯುವಳು. ರಸ್ತೆ ಕೆಲಸದಲ್ಲಿ ಗಂಡಸರ ಅರ್ಧ ಕೂಲಿ ಪಡೆದವಳು, ನಲ್ಲಿಯ ಹತ್ತಿರ ಕೊಡ ಇಟ್ಟದ್ದಕ್ಕೆ ಏಟು ತಿಂದವಳು, ಗಂಡ ಕಾಣೆಯಾದ ಮೇಲೆ ಮಕ್ಕಳಿಗೆ ಪೌರತ್ವದ ಕಾಗದ ಸಿಗದವಳು, ಹೀಗೆ ಯಾರು ಸಿಕ್ಕಿದರೂ ಕೂರಿಸಿ ಮಾತಾಡಿಸುವಳು. ಹಿಂದಿರುಗುವಾಗ ನಮ್ಮ ಮನೆಗೆ ಬಂದು, ಒಲೆಯ ಹತ್ತಿರ ಕುಳಿತು, ಕೇಳಿದ್ದನ್ನೆಲ್ಲ ನನಗೆ ಹೇಳಿ ಚಹಾ ಕುಡಿಯುವಳು.

"ಗುರುಮಾ, ಇಷ್ಟೊಂದು ಹೆಂಗಸರು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಕೊಂಡಿದ್ರು ಈ ಮಾತನ್ನೆಲ್ಲ?" ಎಂದು ಕೇಳುತ್ತಿದ್ದಳು. ಅವಳಿಗಾಗ ಮಾತಿನ ಮೇಲೆ ಬಹಳ ನಂಬಿಕೆಯಿತ್ತು.

ಪೇಟೆಯ ಮೇಲಿನ ಬಗರ್‌ಕೋಟ್ ಎಂಬ ಊರಿನಲ್ಲಿ ಧೌಲಿ ಎಂಬ ವಿಧವೆಯಿದ್ದಳು. ಜೌಕಲಾಳ ಜಾತಿಯವಳೇ, ವಾವೆಯಲ್ಲಿ ಚಿಕ್ಕಮ್ಮ, ನಮ್ಮ ಕಡೆಯ ಮಾತಿನಲ್ಲಿ ಕಾಕಿ. ಅವಳಿಗಿದ್ದುದು ಒಂದು ಎಮ್ಮೆ. ಹಾಲಿನ ಡೇರಿಯವರು ಕೆಳಗಿನ ಕೇರಿಯ ಹಾಲನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಆ ಕೇರಿಯ ಕ್ಯಾನು ಕಂಡರೆ ಕಾರ್ಯದರ್ಶಿ ಲೋಕೇಂದ್ರ "ಇವತ್ತು ಡಬ್ಬ ತುಂಬೋಯ್ತು" ಎನ್ನುತ್ತಿದ್ದ, ಅಷ್ಟೆ. ಧೌಲಿಯ ಮೇಲಿನ ಮನೆಯ ಪದ್ಮಾ ಕುಂವರ್ ಮೇಲುಜಾತಿಯ ಸೊಸೆ. ಇಬ್ಬರೂ ಮದುವೆಯಾಗಿ ಬಂದ ಹೊಸದರಿಂದ ಒಟ್ಟಿಗೆ ಕಾಡಿಗೆ ಹೋಗಿ ಹುಲ್ಲು ಕೊಯ್ದವರು. ಪದ್ಮಾ ದಿನವೂ ಧೌಲಿಯ ಹಾಲನ್ನು ತನ್ನ ಕ್ಯಾನಿಗೆ ಸುರಿದುಕೊಂಡು ಡೇರಿಗೆ ಹಾಕಿ, ಬಂದ ಹಣವನ್ನು ಸೆರಗಿನಲ್ಲಿ ಮರೆಮಾಡಿ ತಂದುಕೊಡುತ್ತಿದ್ದಳು. ಎಷ್ಟೋ ವರ್ಷ ಹೀಗೆ ನಡೆದಿತ್ತು. ಧೌಲಿಯ ಹೊಟ್ಟೆ ತುಂಬುತ್ತಿದ್ದುದು ಅದೊಂದರಿಂದ.

ಇದನ್ನು ಧೌಲಿ ಜೌಕಲಾಳಿಗೆ ಹೇಳಿದ್ದು ಹಳ್ಳದ ನೀರಿನ ಗಿರಣಿಯಲ್ಲಿ. ಆ ಊರಿಗೆ ಎರಡು ಗಿರಣಿ, ಮೇಲಿನದು ಮೇಲಿನವರಿಗೆ, ಕೆಳಗಿನದು ಕೆಳಗಿನವರಿಗೆ. ಕಲ್ಲು ತಿರುಗುವ ಸದ್ದಿನಲ್ಲಿ ಒಳಗಿನ ಮಾತು ದಾರಿಯವರ ಕಿವಿಗೆ ಬೀಳದು. ಹೆಂಗಸರು ಮನಸ್ಸು ಬಿಚ್ಚುವುದು ಅಲ್ಲಿಯೇ.

"ನನ್ನ ಎಮ್ಮೆ ಹಾಲು ಪೇಟೆಯವರೆಲ್ಲ ಕುಡೀತಾರೆ, ಪುರೋಹಿತರೂ ಕುಡೀತಾರೆ. ನನ್ನ ಕೈಯ ನೀರು ಮಾತ್ರ ಯಾರಿಗೂ ಆಗಲ್ಲ" ಎಂದಳು ಧೌಲಿ. "ನೀರಿಗೆ ಜಾತಿ ಕೊಟ್ಟ ದೇವರು ಹಾಲಿಗೆ ಕೊಡೋದು ಮರೆತ ಅಂತ ಕಾಣ್ತದೆ. ನೀವ್ಯಾರೂ ಜ್ಞಾಪಿಸಬೇಡಿ ಅವನಿಗೆ."

ಕಾಳು ಬೀಸಲು ಬಂದಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಜೌಕಲಾ ಎಚ್ಚರದ ಹುಡುಗಿ. ಧೌಲಿಯ ಹೆಸರು ತೆಗೆದಳು, ಊರು ತೆಗೆದಳು, ಪದ್ಮಾಳ ಸುದ್ದಿಯನ್ನೇ ತೆಗೆದಳು. ಯಂತ್ರದಲ್ಲಿ ಧೌಲಿಯ ದನಿಯನ್ನು ದಪ್ಪ ಮಾಡಿಸಿದಳು. ಆದರೆ ಹಿಂದಿನ ಗಿರಣಿಯ ಸದ್ದನ್ನು ಉಳಿಸಿಕೊಂಡಳು. ಮಾತಿನ ಹಿಂದೆ ಜಾಗದ ಸದ್ದು ಕೇಳಿಸಿದರೆ ಕಾರ್ಯಕ್ರಮಕ್ಕೆ ಜೀವ ಬರುತ್ತದೆಂದು ಧನಗಢಿ ಪಟ್ಟಣದ ರೇಡಿಯೋ ತರಬೇತಿಯಲ್ಲಿ ಕಲಿಸಿದ್ದರು. ಆ ಕೆಳಗಿನ ಗಿರಣಿಯ ಕಲ್ಲು ಒಂದು ಕಡೆ ಸೀಳಿದೆ. ಪ್ರತಿ ಸುತ್ತಿಗೂ ಒಮ್ಮೆ ಎಡವಿದ ಹಾಗೆ ಸದ್ದಾಗುತ್ತದೆ. ಬಗರ್‌ಕೋಟಿನ ಮಕ್ಕಳು ತೊಟ್ಟಿಲಲ್ಲಿ ಕೇಳಿದ ಸದ್ದು ಅದು.

ಆ ಶನಿವಾರ ನಾನು ಉಪ್ಪು ತರಲು ಅಂಗಡಿಗೆ ಹೋಗಿದ್ದೆ. ರೇಡಿಯೋದಲ್ಲಿ ಧೌಲಿಯ ಹಾಲಿನ ಮಾತು ಬರುತ್ತಿತ್ತು, ಚಹಾ ಕುಡಿಯುವವರು ಮೊದಲು ನಕ್ಕರು.

"ಯಾರದೋ ಇದು, ಬಾಯಿ ಜೋರಾಗಿದೆ" ಎಂದ ಒಬ್ಬ.

"ಬಾಯಿ ಬಿಡು, ಹಿಂದಿನ ಸದ್ದು ಕೇಳು" ಎಂದ ಬಗರ್‌ಕೋಟಿನ ಮುದುಕ. "ನಮ್ಮ ಕೆಳಗಿನ ಗಿರಣಿ ಅದು. ಕುಂಟ್ತಾ ಇಲ್ವಾ?"

"ಆ ಕೇರೀಲಿ ಕರೆಯೋ ಎಮ್ಮೆ ಇರೋದು ಒಂದೇ ಮನೇಲಿ."

"ಹಾಗಾದ್ರೆ ಅದರ ಹಾಲು ಪೇಟೆಗೆ ಹೇಗೆ ಬಂತು?"

ಆ ಮನೆಯ ಮೇಲಿನ ಮನೆಯಿಂದ ದಿನವೂ ಡೇರಿಗೆ ಕ್ಯಾನು ತರುವವಳು ಪದ್ಮಾ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂಗಡಿಯವನು ಕೈಯಲ್ಲಿದ್ದ ಹಾಲಿನ ಚೊಂಬನ್ನು ನಿಧಾನವಾಗಿ ಕೆಳಗಿಟ್ಟ.

ಮರುದಿನ ಡೇರಿಯ ಮುಂದೆ ಎಲ್ಲರೂ ನೋಡುತ್ತಿರುವಂತೆಯೇ ಲೋಕೇಂದ್ರ ಪದ್ಮಾಳ ಕ್ಯಾನನ್ನು ಚರಂಡಿಗೆ ಬಗ್ಗಿಸಿದ. ಪಾತ್ರೆಗಳಿಗೆಲ್ಲ ಗೋಮೂತ್ರ ಚಿಮುಕಿಸಿ, ಚಿನ್ನದುಂಗುರ ಅದ್ದಿದ ನೀರಿನಿಂದ ತೊಳೆಸಿದ. ಪದ್ಮಾಳ ಅತ್ತೆ ಅವಳನ್ನು ಅಡುಗೆಮನೆಯಿಂದ ಹೊರಗಿಟ್ಟಳು. ಶುದ್ಧಿಯಾಗುವ ತನಕ ಅವಳು ಕೊಟ್ಟಿಗೆಯ ಮಗ್ಗುಲಲ್ಲಿ ಉಂಡಳು. ಧೌಲಿಯ ಮನೆಯ ಕಡೆಗೆ ಅವಳು ತಿರುಗಿ ನೋಡಲಿಲ್ಲ.

ಜೌಕಲಾ ರೇಡಿಯೋದ ಅಧ್ಯಕ್ಷರ ಹತ್ತಿರ ಓಡಿದಳು. ಡೇರಿಯವರು ಮಾಡಿದ್ದು ಕಾನೂನಿನ ಪ್ರಕಾರ ಅಪರಾಧ, ಇದನ್ನು ಪ್ರಸಾರ ಮಾಡಲೇಬೇಕು ಎಂದಳು.

"ಬಹಿನಿ, ಸಮುದಾಯದ ರೇಡಿಯೋ ಇರೋದು ಸಮುದಾಯ ಒಡೆಯೋಕಾ?" ಎಂದರು ಅಧ್ಯಕ್ಷರು. "ಆಯ್ತು, ಸಾಕ್ಷಿ ಹೇಳೋರನ್ನ ಕರ್ಕೊಂಡು ಬಾ. ನೋಡೋಣ."

ಅವಳು ಪದ್ಮಾಳಲ್ಲಿಗೆ ಹೋದಳು. ಪದ್ಮಾ ಅಂಗಳದ ಗೋಡೆಯಾಚೆಯಿಂದಲೇ ಮಾತಾಡಿದಳು.

"ದಿದಿ, ಒಂದು ಮಾತು ಹೇಳಿ ಸಾಕು. ಕ್ಯಾನು ಚೆಲ್ಲಿದ್ದನ್ನ ಕಂಡೆ ಅಂತ."

"ನೀನು ಮಾತಾಡಿ ಹೊರಟುಹೋಗ್ತೀಯ ಜೌಕಲಾ. ನಾನು ಇದೇ ಮನೇಲಿ ಉಣ್ಣಬೇಕು. ಸುಮ್ಮನೆ ನಡೀತಿತ್ತು. ನಡೆಯೋಕೆ ಬಿಡಬಾರದಿತ್ತಾ?"

ಆಮೇಲೆ ಜೌಕಲಾ ಧೌಲಿಯ ಮುಂದೆ ಕುಳಿತು ಅತ್ತಳು. ರೇಡಿಯೋದಲ್ಲೇ ಕ್ಷಮೆ ಕೇಳುತ್ತೇನೆ ಕಾಕಿ, ಎಂದಳು. ಧೌಲಿ ರಾಗಿ ರೊಟ್ಟಿ ತಟ್ಟುತ್ತಲೇ ಹೇಳಿದಳು:

"ಏನಂತ ಕೇಳ್ತೀಯ ಮಗಾ? ಸುಳ್ಳಾಡಿದ್ರೆ ತಪ್ಪಾಯ್ತು ಅನ್ಬಹುದಿತ್ತು. ನಾವು ಆಡಿದ್ದು ನಿಜ. ನಿಜಕ್ಕೆ ಹೇಗೆ ತಪ್ಪಾಯ್ತು ಅಂತೀಯ?"

ಧೌಲಿ ಹಾಲನ್ನು ತುಪ್ಪ ಮಾಡಿ ನೋಡಿದಳು, ಕೊಳ್ಳುವವರಿಲ್ಲ. ಹುಲ್ಲು ಒಣಗುವ ಕಾಲ ಬಂದಾಗ ಎಮ್ಮೆಯನ್ನು ಮಾರಿದಳು. ಬೇರೆ ಯಾರೂ ಮುಂದೆ ಬರದ ಕಾರಣ ಅಗ್ಗಕ್ಕೆ ಹಿಡಿದುಕೊಂಡು ಹೋದವನು ಲೋಕೇಂದ್ರನ ತಮ್ಮ. ಎಮ್ಮೆಗೂ ಚಿನ್ನದ ನೀರು ಚಿಮುಕಿಸಿ ಒಳಗೆ ಕಟ್ಟಿದರು. ಅದರ ಹಾಲು ಈಗ ದಿನವೂ ಡೇರಿಗೆ ಹೋಗುತ್ತದೆ. ಪೇಟೆಯವರು ಕುಡಿಯುತ್ತಾರೆ.

'ಅಂಗಳದ ಮಾತು' ನಿಂತುಹೋಯಿತು. ಜೌಕಲಾ ಈಗ ಹವಾಮಾನ ಓದುತ್ತಾಳೆ, ಕಳೆದುಹೋದ ಮೇಕೆಗಳ ಸುದ್ದಿ ಓದುತ್ತಾಳೆ. ಅವಳು ಬರುವುದು ಕಂಡರೆ ಹೆಂಗಸರು, "ಏ, ರೇಡಿಯೋ ಬಂತು" ಎಂದು ಒಬ್ಬರನ್ನೊಬ್ಬರು ತಿವಿದು ಸುಮ್ಮನಾಗುತ್ತಾರೆ. ನನ್ನ ಒಲೆಯ ಹತ್ತಿರ ಅವಳು ಈಗಲೂ ಕೂರುತ್ತಾಳೆ. ಹೇಳಲು ಅವಳ ಹತ್ತಿರ ಏನೂ ಇರುವುದಿಲ್ಲ. ಒಂದು ದಿನ ಮಾತ್ರ ಇಷ್ಟು ಹೇಳಿದಳು.

ಹೊಸ ಕೊಟ್ಟಿಗೆಯಲ್ಲಿ ಎಮ್ಮೆ ಹಾಲು ಇಳಿಸಲಿಲ್ಲವಂತೆ. ಒದೆಯಿತಂತೆ, ಕೆಚ್ಚಲು ಕಲ್ಲಿನಂತೆ ಬಿಗಿಯಿತಂತೆ. ಕೊನೆಗೆ ಲೋಕೇಂದ್ರನ ಮನೆಯವರು ಧೌಲಿಗೇ ಹೇಳಿಕಳಿಸಿದರು. ದಿನಕ್ಕೆರಡು ಹೊತ್ತು ಬಂದು ಬೇಲಿಯಾಚೆ ನಿಂತು ಎಮ್ಮೆಯನ್ನು ಕೂಗಬೇಕು. ಒಳಗೆ ಕಾಲಿಡಬಾರದು, ಚೊಂಬು ಮುಟ್ಟಬಾರದು. ಅದಕ್ಕೆ ಒಂದಿಷ್ಟು ಜೋಳ. ಜೌಕಲಾ ಹೋಗಿ ನೋಡಿದಾಗ ಧೌಲಿ ಬೇಲಿಯ ಹೊರಗೆ ನಿಂತು, "ಬಾರೇ ನನ್ನವ್ವ, ಇಳಿಸೇ ನನ್ನ ಚಿನ್ನ" ಎಂದು ಕರೆಯುತ್ತಿದ್ದಳು. ಎಮ್ಮೆ ಕಿವಿ ನೆಟ್ಟಗೆ ಮಾಡಿತು. ಒಳಗೆ ಲೋಕೇಂದ್ರನ ಮನೆಯ ಸೊಸೆ ಹಾಲು ಕರೆಯತೊಡಗಿದಳು.

ಜೌಕಲಾಳ ಕೈ ರೆಕಾರ್ಡರಿನ ಚೀಲದೊಳಗೆ ಹೋಯಿತು. ಧೌಲಿ ಕಂಡಳು.

"ಬೇಡ ಮಗಾ" ಎಂದಳು ಮೆಲ್ಲಗೆ. "ಇದೂ ಹೋದ್ರೆ ಅದರ ಮುಖ ನೋಡೋಕೂ ಸಿಗಲ್ಲ ನಂಗೆ."

ಅಷ್ಟರಲ್ಲಿ ಒಳಗಿನಿಂದ ಸೊಸೆಯ ದನಿ ಬಂತು: "ಸಾಕು, ಇನ್ನು ಬಾಯಿ ಮುಚ್ಚು. ಹಾಲು ಇಳೀತು."

ಧೌಲಿ ಸುಮ್ಮನಾದಳು.