ಬಾಜೂ ಅಂಗಡಿಯ ವಾಸನೆ

ಟಿಳಕವಾಡಿಯ ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ ನನ್ನದು ಬ್ಲೌಸು ಹೊಲಿಯುವ ಅಂಗಡಿ. ಮನೆ ಖಾನಾಪುರದಲ್ಲಿ. ಬೆಳಿಗ್ಗೆ ರೈಲಿಗೆ ಬಂದು ಸಂಜೆ ರೈಲಿಗೇ ಮರಳುತ್ತೇನೆ. ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ಆಡುವ ಮಾತೆಲ್ಲ ಅಂಗಡಿಯಲ್ಲೇ ಆಡಿ ಮುಗಿಸಬೇಕು. ಹೆಚ್ಚಿನದನ್ನು ಆಡುತ್ತಿದ್ದದ್ದು ಗೋಡೆಯಾಚೆಯ ಬಾಜೂ ಅಂಗಡಿಯವರ ಜೊತೆ. ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಅವರು ನನಗಿಂತ ಹಿರಿಯರು, ಮನೆಮಾತು ಮರಾಠಿ. ಅವರ ಮಾತಿನಲ್ಲೇ, ಅತ್ತಿಗೆ ಎಂಬರ್ಥದಲ್ಲಿ, ನಾನು ವೈನಿ ಎನ್ನುತ್ತಿದ್ದೆ. ಮಧ್ಯಾಹ್ನ ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ನನ್ನ ಅಂಗಡಿಯೊಳಗೆ ಮೀನಿನಂಥ ವಾಸನೆ ಬರತೊಡಗಿತು. ನಾನು ಮೀನು ತಿನ್ನುವವಳಲ್ಲ. ಕೆಲವು ದಿನ ಸುಮ್ಮನಿದ್ದು ಕೊನೆಗೆ ಕೇಳಿದೆ. "ಇವತ್ತೂ ಮೀನ ತಂದೀರೇನ್ರಿ ವೈನಿ?"

ವೈನಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. "ಬಟಾಟಿ ಪಲ್ಲೆ ಐತಿ ನೋಡು. ಸುಮ್ಮನ ಮೀನದ ಹೆಸರು ಕೆಡಸಬ್ಯಾಡ."

ಇಬ್ಬರೂ ನಕ್ಕೆವು. ಆದರೆ ಪಾರ್ಲರಿಗೆ ರಜೆಯಿರುವ ಮಂಗಳವಾರ ಆ ವಾಸನೆ ಇರಲಿಲ್ಲ. ಮರುದಿನ ಅವರ ಎಸಿ ಶುರುವಾದ ಮೇಲೆ ಮತ್ತೆ ಬಂತು.

ಖಾನಾಪುರದ ನಮ್ಮ ಓಣಿಯ ವೈರ್‌ಮನ್‌ನನ್ನು ಕರೆತಂದೆ. ಅವನು ಏಣಿ ಹತ್ತಿ ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಟಾರ್ಚ್ ಬಿಟ್ಟ. "ಅಕ್ಕಾರ, ನೀವ ಬಂದ ನೋಡ್ರಿ," ಅಂದ.

ನಾನೂ ಏಣಿ ಹತ್ತಿದೆ. ಕೆಳಗಿನಿಂದ ಅಷ್ಟು ಬೆಳ್ಳಗೆ ಕಾಣುತ್ತಿದ್ದ ಸೀಲಿಂಗಿನ ಮೇಲೆ ತಂತಿಗಳು ಪೈಪಿಲ್ಲದೆ ಜೋತುಬಿದ್ದಿದ್ದವು. ನನ್ನ ಅಂಗಡಿಯ ದೀಪದ ಸಣ್ಣ ತಂತಿಗೇ ಪಾರ್ಲರಿನ ಎಸಿ ತಂತಿ ಸೇರಿಸಿ ಬರೀ ಟೇಪು ಸುತ್ತಿದ್ದರು. ಟೇಪು ಕರಗಿ, ಪಕ್ಕದ ಪ್ಲೈವುಡ್ ಕಪ್ಪಾಗಿತ್ತು. ಅದರ ಕೆಳಗೇ ನನ್ನ ಬಟ್ಟೆಗಳ ಕಪಾಟು.

"ವೈರ್ ಕಾದು ಸುಟ್ರ ಮೀನದಂಗ ನಾರತೈತಿ. ಹಿಂಗ ಜೋಡಿಸಿ ಮುಚ್ಚಿಡಾಕ ಕಾಯ್ದೇದಾಗ ಬರೂದಿಲ್ಲ. ಉಳದ ಅಂಗಡಿಗೂ ಹಿಂಗ ಮಾಡಿರಬೇಕು," ಅಂದ.

ಕಟ್ಟಡದ ಮಾಲೀಕರಿಗೆ ಹೇಳಿದೆ. "ಇಷ್ಟ ವರ್ಷ ಏನೂ ಆಗಿಲ್ಲ. ನಿಮಗ ಅಂಜಿಕಿ ಇದ್ರ ಬ್ಯಾರೆ ಕಡೆ ನೋಡ್ಕೋರಿ," ಅಂದರು. ವೈನಿ ನನ್ನ ಕೈ ಹಿಡಿದು, "ಎಸಿ ಬಂದ್ ಇಡ್ತೀನಿ. ಲಗ್ನದ ಸೀಸನ್ ಮುಗಿಯೂತನಕ ಸುಮ್ನಿರು," ಅಂದರು. ನಾನು ಸುಮ್ಮನಿದ್ದೆ. ಒಂದು ವಾರದಲ್ಲಿ ಒಬ್ಬ ಮದುಮಗಳು ಸೆಕೆ ತಾಳಲಾರೆ ಎಂದಾಗ ವೈನಿ ಎಸಿ ಹಾಕಿದರು. ವಾಸನೆ ಬಂತು. ಈ ಸಲ ತೆಳ್ಳಗೆ ಹೊಗೆಯೂ ಇಳಿಯಿತು. ಅಂಗಡಿ ಮುಚ್ಚಿ, ಕರೆಂಟ್ ಆಫೀಸಿಗೆ ಹೋಗಿ ಹೇಳಿಬಂದೆ.

ಆಫೀಸಿನವರು ಬಂದು ಒಂದೊಂದೇ ಅಂಗಡಿಯ ಸೀಲಿಂಗ್ ಬಿಚ್ಚಿಸಿ ನೋಡಿ, ಇಡೀ ಮಹಡಿಯ ಕರೆಂಟ್ ತೆಗೆದರು. ಮಾಲೀಕರು ಬೇಕೆಂದೇ ದುರಸ್ತಿ ಎಳೆದರೋ, ಕೆಲಸವೇ ಅಷ್ಟಿತ್ತೋ ಗೊತ್ತಿಲ್ಲ. ಲಗ್ನಗಳು ಮುಗಿದವು. ವೈನಿಯ ಹತ್ತಿರ ಮೊದಲೇ ಹೇಳಿಟ್ಟಿದ್ದ ಮದುವಣಗಿತ್ತಿಯರೆಲ್ಲ ಬೇರೆ ಪಾರ್ಲರಿಗೆ ಹೋದರು.

"ನಿನಗ ವಾಸನಿ ಬಂತು, ನಮಗ ಉಪಾಸ ಬಂತು," ಅಂದರು ವೈನಿ. ದನಿ ಏರಿಸಲಿಲ್ಲ. ಮರುದಿನದಿಂದ ಮಧ್ಯಾಹ್ನ ಡಬ್ಬಿ ಹಿಡಿದು ಅವರು ಬರಲಿಲ್ಲ.

ನಾನು ಕಿಟಕಿಯ ಬೆಳಕಿನಲ್ಲಿ ಕಾಲುಮಷಿನ್ ತುಳಿಯುತ್ತ ಕೂರುತ್ತಿದ್ದೆ. ನಾನು ಮೆಟ್ಟಿಲು ಹತ್ತುವಾಗ ಉಳಿದ ಅಂಗಡಿಯವರು ಮಾತು ನಿಲ್ಲಿಸುತ್ತಿದ್ದರು. ಒಂದು ಸಂಜೆ ಸ್ಟೇಷನ್ನಿನಲ್ಲಿ ಟಿಕೆಟ್ ಕೇಳಲು ಬಾಯಿ ತೆರೆದಾಗ ದನಿಯೇ ಸರಿಯಾಗಿ ಹೊರಡಲಿಲ್ಲ. ಆ ದಿನ ನಾನಾಡಿದ ಮೊದಲ ಮಾತು ಅದು.

ಕರೆಂಟ್ ಬರುವ ಹೊತ್ತಿಗೆ ವೈನಿ ಅಂಗಡಿ ಬಿಟ್ಟಿದ್ದರು. ನೆಹರು ನಗರದಲ್ಲಿ ಹೊಸ ಪಾರ್ಲರ್ ಹಾಕಿದ್ದಾರೆಂದು ಗಿರಾಕಿಯೊಬ್ಬರಿಂದ ತಿಳಿಯಿತು. ಬಹಳ ದಿನ ತಡೆದು, ಮಂಗಳವಾರ ರಜೆ ಇರುತ್ತದೆಂದು ಒಂದು ಬುಧವಾರ ಹೋದೆ.

"ಬರ್ರಿ, ಕುಂದರ್ರಿ," ಅಂದರು. ನನ್ನನ್ನು ಅವರು ಎಂದೂ ಬಹುವಚನದಲ್ಲಿ ಕರೆದವರಲ್ಲ. ಏನು ಹೇಳಬೇಕೆಂದು ತಿಳಿಯದೆ ಹುಬ್ಬು ಮಾಡಿಸಬೇಕೆಂದೆ. ಅವರು ದಾರವನ್ನು ಹಲ್ಲಲ್ಲಿ ಕಚ್ಚಿಹಿಡಿದು ಹಣೆಯ ಮೇಲೆ ಬಗ್ಗಿದರು. ನನ್ನ ಕಣ್ಣಲ್ಲಿ ನೀರು ಬಂತು.

"ನೋವಾತೇನ್ರಿ?"

"ಇಲ್ಲ. ಹುಬ್ಬ ಮಾಡೂವಾಗ ಎಲ್ಲಾರಿಗೂ ಬರ್ತೈತಲ್ಲ," ಅಂದೆ.

ಇನ್ನೊಂದು ಹುಬ್ಬು ಮುಗಿಸಿದ ಮೇಲೆ, ನನ್ನ ಕಡೆ ನೋಡದೆ, "ಇಲ್ಲಿ ಸೀಲಿಂಗ್ ಮಾಡಸಲಿಲ್ಲ. ವೈರಿನ ಪೈಪ್ ಎಲ್ಲಾ ಹೊರಗ ಬಿಡಸೀನಿ," ಅಂದರು.

ತಲೆಯೆತ್ತಿ ನೋಡಿದೆ, ಚೆನ್ನಾಗಿ ಮಾಡಿಸಿದ್ದರು. ಹಾಗೆಂದು ಹೇಳಿ ಎದ್ದೆ. ಈಗಲೂ ಆಗಾಗ ಹೋಗುತ್ತೇನೆ. ಊಟದ ಹೊತ್ತಿಗೆ ಮಾತ್ರ ಹೋಗುವುದಿಲ್ಲ.