ಯಾವ ದೇಶ ಮೇಲು ಎಂದು ಅಕ್ಕ ಕೇಳಿದಳು

ಮಾನ್ವಿಗೆ ಬಂದ ಮೊದಲ ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟಿತು. ಕರಿಮಣ್ಣಿನ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಒಳಗೆ ಹೋಯಿತು. ನೆಲವೆಂದರೆ ಕೆಸರು, ಅದರಾಚೆ ನೀರು ಎಂದೇ ತಿಳಿದಿದ್ದ ನಾನು ಹೆದರಿ ಗಂಡನನ್ನು ಕೂಗಿದೆ.

ನಾವು ಖುಲ್ನಾ ಸೀಮೆಯವರು. ಪೂರ್ವ ಬಂಗಾಳ ಇನ್ನೂ ಪಾಕಿಸ್ತಾನದಲ್ಲಿದ್ದಾಗ ಜೀವ ಕೈಯಲ್ಲಿ ಹಿಡಿದು ಗಡಿ ದಾಟಿದೆವು. ಸರ್ಕಾರ ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ಸಾಗಿಸಿ, ಕೊನೆಗೆ ರಾಯಚೂರು ಜಿಲ್ಲೆಗೆ ತಂದು ಬಿಟ್ಟಿತು. ಗಂಡನಿಗೆ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು, ಊರಂಚಿಗೆ ಮನೆ ಕಟ್ಟಲು ಜಾಗವೂ ಸಿಕ್ಕಿತು.

ನಮ್ಮ ಕಡೆ ಮನೆಗಿಂತ ಮೊದಲು ಭಿಟೆ ಏಳಬೇಕು. ನೆರೆ ಬಂದರೆ ಮನೆ ಮುಳುಗದಂತೆ ಹಾಕುವ ಮಣ್ಣಿನ ದಿಬ್ಬವದು. ಗಂಡ ಹದಿನೈದು ದಿನ ಅಗೆದು ಸೊಂಟದೆತ್ತರ ಕರಿಮಣ್ಣು ಪೇರಿಸಿದ. ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಿಂದ ಭತ್ತದ ನಾಟಿಗೆ ಬಂದು ಪಕ್ಕದಲ್ಲೇ ಗುಡಿಸಲು ಹಾಕಿದ್ದ ಗಂಗಮ್ಮ ನಿಂತು ನೋಡಿದಳು.

“ಅಣ್ಣಾರ, ಇದು ಮನಿನೋ ಗುಡ್ಡಾನೋ?”

ನೀರು ಬಂದರೆ ಎಂದು ನಾನು ಕೈಸನ್ನೆ ಮಾಡಿದೆ. ಅವಳು ನಕ್ಕು ನಕ್ಕು ಕುಳಿತೇಬಿಟ್ಟಳು.

“ನೀರು ತಾನಾಗಿ ಮನಿಗೆ ಬರೂದಾಗಿದ್ರ ನಾನ್ಯಾಕ ಊರು ಬಿಟ್ಟು ಬರ್ತಿದ್ದೆ ಯವ್ವಾ?”

ಆ ಬೇಸಿಗೆಯಲ್ಲಿ ದಿಬ್ಬ ಬಿರಿದು ಗೋಡೆಯೂ ಬಿರುಕುಬಿಟ್ಟಿತು. ಕೆಡವಿ, ಎಲ್ಲರಂತೆ ಕಲ್ಲಿನ ಬುನಾದಿ ಹಾಕಿದೆವು.

ಜೋಳದ ರೊಟ್ಟಿ ಬಡಿಯಲು ಕಲಿಸಿದವಳೂ ಗಂಗಮ್ಮನೇ. ನಾಟಿ ಮುಗಿದರೆ ಊರಿಗೆ ಹೋಗಿಬಿಡುತ್ತಿದ್ದಳು. ಆಮೇಲೆ ನನಗೆ ಯಾರೂ ಇಲ್ಲ. ಬಂಗಾಳಿಯಲ್ಲಿ ಜಗಳವಾಡಬೇಕೆಂದರೂ ಗಂಡನೊಬ್ಬನೇ. ಅವನೋ ಗಿರಣಿಯಿಂದ ತೌಡು ಮೆತ್ತಿಕೊಂಡು ಬಂದು ಉಂಡು ಮಲಗುವವನು. ಎಷ್ಟೋ ಮಧ್ಯಾಹ್ನ ಒಲೆಯ ಮುಂದೆ ಸುಮ್ಮನೆ ಅತ್ತಿದ್ದೇನೆ. ಕನ್ನಡ ಬಂದದ್ದು ಮಗಳ ಶಾಲಾಪುಸ್ತಕದಿಂದ. ಈ ಬರಹದಲ್ಲಿ ತಪ್ಪು ಕಂಡರೆ ಅವಳನ್ನೇ ಬೈಯಿರಿ.

ಬಾಂಗ್ಲಾದೇಶ ಹುಟ್ಟಿ ಕೆಲವು ವರ್ಷಗಳಾದ ಮೇಲೆ ದಿದಿಯ, ಅಂದರೆ ಅಲ್ಲೇ ಉಳಿದ ನನ್ನ ಅಕ್ಕನ, ಕಾಗದ ಬಂತು. “ದೇಶ ನಮ್ಮದಾಯಿತು, ಅಕ್ಕಿ ಮಾತ್ರ ಕೈಗೆಟುಕುತ್ತಿಲ್ಲ. ಹೊಲ ಮಾರಿ ನಿನ್ನ ಹತ್ತಿರ ಬರೋಣ ಎನ್ನುತ್ತಾರೆ ನಿನ್ನ ಭಾವ. ಯಾವ ದೇಶ ಮೇಲು? ಇದ್ದದ್ದು ಇದ್ದ ಹಾಗೆ ಬರೆ.”

ಕಾಗದ ಹಿಡಿದು ಪಕ್ಕದ ಗುಡಿಸಲಿಗೆ ಹೋದೆ. ಆ ವರ್ಷ ಗಂಗಮ್ಮ ಇನ್ನೂ ಊರಿಗೆ ಹೋಗಿರಲಿಲ್ಲ.

“ಬಾ ಅಂತ ಬರಿ ಬೇ. ನಿನಗೂ ಒಬ್ರು ಬೇಕು,” ಎಂದಳು.

“ನನಗ ಬೇಕಂತ ಅವಳ ಹೊಲ ಮಾರಸ್ಲೇನು?” ಎಂದೆ.

ಮೂರು ದಿನ ಕುಳಿತು ಬರೆದೆ. ಅಲ್ಲಿ ಮನೆಯ ಹಿಂದೆಯೇ ಕೊಳ, ಕೊಳದ ತುಂಬ ಮೀನು. ಇಲ್ಲಿ ಕೊಡ ಹೊತ್ತು ಕಾಲುವೆಗೆ ಹೋಗಬೇಕು. ಅಲ್ಲಿ ನಮ್ಮದೇ ಹೊಲ. ಇಲ್ಲಿ ಕೂಲಿ, ಆದರೆ ವಾರ ತಪ್ಪದೆ ಸಿಗುತ್ತದೆ. ಅಮ್ಮ ಹೆರಿಗೆಗೆಂದು ಹೊರಟವಳು ದೋಣಿಯಲ್ಲೇ ತೀರಿಕೊಂಡಳು. ನನಗೆ ಹೆರಿಗೆ ಕಷ್ಟವಾದಾಗ ಗಿರಣಿಯ ಜೀಪಿನಲ್ಲಿ ರಾಯಚೂರು ದವಾಖಾನೆಗೆ ಒಯ್ದರು, ಮಗಳೂ ನಾನೂ ಉಳಿದೆವು. ಇಲ್ಲಿ ರಾತ್ರಿ ಯಾರಾದರೂ ಬಾಗಿಲು ಬಡಿದರೆ ಎದೆ ಒಡೆಯುವುದಿಲ್ಲ. ಆದರೆ ಇಲ್ಲಿ ಸತ್ತರೆ ನಮ್ಮ ಭಾಷೆಯಲ್ಲಿ ಅಳಲು ಜನವಿಲ್ಲ. ಎಲ್ಲ ಬರೆದೆ. ನನ್ನ ಆಸೆ ಅವಳ ನಿರ್ಧಾರದಲ್ಲಿ ಬೆರೆಯಬಾರದೆಂದು ಒಂದು ಮಾತು ಮಾತ್ರ ನುಂಗಿಕೊಂಡೆ.

ಎರಡು ತಿಂಗಳಿಗೆ ಉತ್ತರ ಬಂತು. “ನಿನ್ನ ಕಾಗದ ಓದಿ ನಿನ್ನ ಭಾವ ಹೊರಟೇ ನಿಂತಿದ್ದರು. ನಾನೇ ಬೇಡವೆಂದೆ. ನಾಲ್ಕು ಸಲ ಓದಿದೆ ತಂಗಿ, ಅದರಲ್ಲಿ ಎಲ್ಲಿಯೂ ನೀನು ‘ಬಾ’ ಎಂದಿಲ್ಲ.”

ಈಗ ಯಾರಾದರೂ ಯಾವೂರೆಂದು ಕೇಳಿದರೆ ತಡವರಿಸದೆ ಮಾನ್ವಿ ಎನ್ನುತ್ತೇನೆ. ಅಂಚೆಯವನ ಸೈಕಲ್ಲು ಕಂಡಾಗ ಮಾತ್ರ ಇನ್ನೂ ಖುಲ್ನಾದವಳೇ. ‘ಬಾ’ ಎಂದು ಆಮೇಲೆ ಎಷ್ಟು ಕಾಗದ ಬರೆದೆನೋ. ದಿದಿ ಪ್ರತಿಯೊಂದಕ್ಕೂ ಉತ್ತರ ಬರೆಯುತ್ತಾಳೆ: ಮಳೆ, ಬೆಳೆ, ಮಕ್ಕಳ ಮದುವೆ. ಬರುವ ಮಾತು ಬರೆಯುವುದಿಲ್ಲ.